ತರಾಸು ಓದಬೇಕು, ಯಾವುದರಿಂದ ಶುರು ಮಾಡಲಿ?

ಚಿತ್ರದುರ್ಗದಲ್ಲಿ ಯಾರನ್ನಾದರೂ "ಒಂದು ಒಳ್ಳೆ ಕಾದಂಬರಿ ಹೇಳಿ" ಎಂದು ಕೇಳಿ. ಮುಕ್ಕಾಲು ಪಾಲು ಜನ ಯೋಚನೆ ಕೂಡ ಮಾಡದೆ ‘ದುರ್ಗಾಸ್ತಮಾನ’ ಎನ್ನುತ್ತಾರೆ. ಉಳಿದವರು ‘ನಾಗರಹಾವು’ ಎನ್ನುತ್ತಾರೆ. ಅವರಲ್ಲೂ ಎಷ್ಟೋ ಜನ ನೋಡಿರುವುದು ಸಿನಿಮಾ ಅಷ್ಟೇ. ‘ಹಂಸಗೀತೆ’ಯ ಹೆಸರು ಎತ್ತುವವರು ತೀರಾ ಕಡಿಮೆ. ಮೂರೂ ತರಾಸು, ಅಂದರೆ ತ.ರಾ. ಸುಬ್ಬರಾಯರು ಬರೆದ ಕಾದಂಬರಿಗಳು. ಈಚೆಗೆ ಮೂರನ್ನೂ ಮತ್ತೆ ಓದಿದೆ. ಓದಿ ಮುಗಿಸಿದ್ದನ್ನು ಮನೆಯವರಿಗೆ, ಸ್ನೇಹಿತರಿಗೆ ದಾಟಿಸಿದೆ. ಯಾರು ಎಲ್ಲಿ ಕೈಬಿಟ್ಟರು, ಯಾರು ನಿದ್ದೆಗೆಟ್ಟು ಓದಿದರು ಎಂದೂ ನೋಡಿದೆ. ಅದರ ಮೇಲೆ ನನ್ನದೊಂದು ಅಭಿಪ್ರಾಯ.

ದಾವಣಗೆರೆಯವರು ಇದು ಪಕ್ಕದೂರಿನ ವಿಷಯ ಅಂದುಕೊಳ್ಳಬೇಡಿ. ತರಾಸು 1920ರಲ್ಲಿ ಹುಟ್ಟಿದ್ದು ನಿಮ್ಮ ಮಲೇಬೆನ್ನೂರಿನಲ್ಲಿ. 1997ರ ತನಕ ನಾವೆಲ್ಲ ಒಂದೇ ಜಿಲ್ಲೆಯವರಾಗಿದ್ದೆವು, ಅಲ್ವಾ?

ಮೊದಲು ದುರ್ಗಾಸ್ತಮಾನ. ಚಿತ್ರದುರ್ಗವನ್ನು ಆಳಿದ ಪಾಳೆಯಗಾರ, ಕೊನೆಯ ಮದಕರಿನಾಯಕನ ಕಥೆ. ಚಿಕ್ಕ ಹುಡುಗ ಪಟ್ಟಕ್ಕೆ ಬರುವುದರಿಂದ ಹಿಡಿದು 1779ರಲ್ಲಿ ದುರ್ಗ ಹೈದರಾಲಿಯ ಪಾಲಾಗುವ ತನಕ. ಪುಸ್ತಕ ಇಟ್ಟಿಗೆಯಷ್ಟು ದಪ್ಪ. ಬಸ್ಸಿನಲ್ಲಿ ಒಂದು ಕೈಯಲ್ಲಿ ಹಿಡಿದು ಓದಲು ಆಗುವುದಿಲ್ಲ. ಆದರೆ ತೊಂದರೆ ಕೊಡುವುದು ದಪ್ಪವಲ್ಲ, ಶುರುವಿನ ಭಾಗ. ಮನೆತನಗಳು, ಸಂಬಂಧಗಳು, ಪ್ರಧಾನಿ, ದಳವಾಯಿ ಎಂದು ಹೆಸರುಗಳು ಒಂದರ ಮೇಲೊಂದು ಬರುತ್ತವೆ. ದರ್ಬಾರಿನ ಮಾತುಕತೆ ನಿಧಾನ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗಳಿಗೆ ಕೊಟ್ಟಿದ್ದೆ. "ಮಾವ, ಯಾರು ಯಾರಿಗೆ ಏನಾಗಬೇಕು ಅಂತ ಒಂದು ಚೀಟಿ ಬರೆದುಕೊಡು, ಆಮೇಲೆ ಓದ್ತೀನಿ" ಎಂದಳು. ಚೀಟಿ ಬರೆದುಕೊಟ್ಟೆ. ಪುಸ್ತಕ ಮಾತ್ರ ಇನ್ನೂ ಅವಳ ಹಾಸ್ಟೆಲಿನಲ್ಲೇ ಇದೆ.

ಆ ಭಾಗ ದಾಟಿದರೆ ಮಾತೇ ಬೇರೆ. ದುರ್ಗ ಬೀಳುತ್ತದೆ ಎಂದು ಹೆಸರಿನಲ್ಲೇ ಹೇಳಿದ್ದಾರೆ. ಆದರೂ ಬೀಳದಿರಲಿ ಎಂದುಕೊಂಡೇ ಪುಟ ತಿರುಗಿಸುತ್ತೇವೆ. ಇದನ್ನು ಓದುವ ಒಂದು ಉಪಾಯ ಹೇಳುತ್ತೇನೆ. ಅರ್ಧ ಓದಿ ನಿಲ್ಲಿಸಿ, ಒಂದು ಬೆಳಿಗ್ಗೆ ಕೋಟೆ ಹತ್ತಿ ಬನ್ನಿ. ಅಲ್ಲಿ ಬಾಗಿಲುಗಳು ಒಂದಕ್ಕೊಂದು ನೇರವಾಗಿಲ್ಲ. ಪ್ರತಿ ಬಾಗಿಲಿಗೂ ಮುಂಚೆ ದಾರಿ ತಿರುಗುತ್ತದೆ. ಆನೆ ಓಡಿಬಂದು ಕದಕ್ಕೆ ಗುದ್ದಬೇಕೆಂದರೆ ಓಡಲು ಜಾಗವೇ ಸಿಗಬಾರದು, ಅದಕ್ಕೆ. ಓಬವ್ವನ ಕಿಂಡಿಯಲ್ಲಿ ಮೈ ಬಗ್ಗಿಸಿ ಒಬ್ಬೊಬ್ಬರೇ ನುಸುಳಬೇಕು. ಅದನ್ನೆಲ್ಲ ಕಣ್ಣಾರೆ ಕಂಡು ಬಂದು ಉಳಿದರ್ಧ ಓದಿ. ಹೈದರಾಲಿ ಯಾಕೆ ಅಷ್ಟು ಸಲ ಮುತ್ತಿಗೆ ಹಾಕಬೇಕಾಯಿತು ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಈ ಕಾದಂಬರಿಗೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತರಾಸು ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಹಂಸಗೀತೆ ಇದರ ಪಕ್ಕದಲ್ಲಿಟ್ಟರೆ ತೆಳ್ಳಗೆ. ಭೈರವಿ ವೆಂಕಟಸುಬ್ಬಯ್ಯ ಎಂಬ ಸಂಗೀತಗಾರನ ಕಥೆ. ಕಾಲ ಹೆಚ್ಚುಕಡಿಮೆ ಅದೇ, ಹದಿನೆಂಟನೇ ಶತಮಾನ. ಊರೂ ಇದೇ. ಆದರೆ ಇಲ್ಲಿ ರಾಜಕೀಯ ಹಿಂದೆ ಸರಿದು ಒಬ್ಬ ಮನುಷ್ಯ ಮುಂದೆ ಬರುತ್ತಾನೆ. ಅವನ ಹಟ, ಅವನ ಅಹಂಕಾರ, ಅವನ ಹಾಡು. ನನಗೆ ಸಂಗೀತ ಅಷ್ಟಕ್ಕಷ್ಟೇ. ಭೈರವಿಗೂ ತೋಡಿಗೂ ವ್ಯತ್ಯಾಸ ಕೇಳಿದರೆ ತಲೆ ಕೆರೆದುಕೊಳ್ಳುತ್ತೇನೆ. ಆದರೂ ಅವನು ಹಾಡಲು ಕೂತ ಕಡೆ ಓದು ತಾನಾಗಿಯೇ ನಿಧಾನವಾಯಿತು. ಯಾರಿಗೆ ಕೊಟ್ಟರೂ ಮುಗಿಸಿಯೇ ವಾಪಸ್ ತಂದುಕೊಟ್ಟ ಪುಸ್ತಕ ಇದೊಂದೇ. ಜಿ.ವಿ. ಅಯ್ಯರ್ 1975ರಲ್ಲಿ ಇದನ್ನು ಸಿನಿಮಾ ಮಾಡಿದರು, ಅನಂತನಾಗ್ ನಾಯಕ. ಅದಕ್ಕೂ ಮೊದಲೇ, 1956ರಲ್ಲಿ, ಹಿಂದಿಯ ‘ಬಸಂತ್ ಬಹಾರ್’ ಇದೇ ಕಥೆಯಿಂದ ಬಂದಿತ್ತು. ನಮ್ಮ ದುರ್ಗದ ಹಾಡುಗಾರ ಅಷ್ಟು ದೂರ ಹೋಗಿದ್ದು ಇಲ್ಲಿ ಎಷ್ಟು ಜನಕ್ಕೆ ಗೊತ್ತೋ!

ನಾಗರಹಾವಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರಾಮಾಚಾರಿ ಎಂದ ತಕ್ಷಣ ವಿಷ್ಣುವರ್ಧನ್ ಬಂದು ನಿಲ್ಲುತ್ತಾರೆ, ಚಾಮಯ್ಯ ಮೇಷ್ಟ್ರು ಎಂದರೆ ಅಶ್ವತ್ಥ್. ಪುಟ್ಟಣ್ಣನವರು 1972ರಲ್ಲಿ ಮಾಡಿದ ಸಿನಿಮಾ ಅಷ್ಟು ಗಟ್ಟಿ. ಅದನ್ನು ಪಕ್ಕಕ್ಕಿಟ್ಟು ಓದುವುದೇ ಕಷ್ಟ. ಒಂದು ವಿಷಯ ಮಾತ್ರ ನೆನಪಿರಲಿ. ಸಿನಿಮಾಕ್ಕೆ ಬಳಸಿದ್ದು ಮೂರು ಕಾದಂಬರಿ: ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ಇದೇ ಕ್ರಮದಲ್ಲಿ ಓದಿ. ಪುಸ್ತಕದಲ್ಲಿ ರಾಮಾಚಾರಿಯ ತಲೆಯೊಳಗೆ ಜಾಸ್ತಿ ಹೊತ್ತು ಇರುತ್ತೇವೆ. ಅಲ್ಲಿ ಅವನು ಹೀರೋ ಅನ್ನಿಸುವುದು ಕಡಿಮೆ, ಅಯ್ಯೋ ಅನ್ನಿಸುವುದು ಹೆಚ್ಚು. ಇಪ್ಪತ್ತರ ಆಸುಪಾಸಿನ ಹುಡುಗರಿಗೆ ಮೂರರಲ್ಲಿ ಇದೇ ಹಿಡಿಸೀತು.

ಹಾಗಾಗಿ ಕೇಳಿದವರಿಗೆಲ್ಲ ನಾನು ಈಗ ಹಂಸಗೀತೆ ಕೊಡುತ್ತಿದ್ದೇನೆ. ದುರ್ಗದ ಹಿರಿಯರಿಗೆ ಇದು ಸರಿಬರುವುದಿಲ್ಲ. "ಮದಕರಿ ಬಿಟ್ಟು ಇದೇನು ಮಾರಾಯ" ಎನ್ನುತ್ತಾರೆ. ದೊಡ್ಡ ಪುಸ್ತಕ ಯಾವುದು ಎಂದರೆ ನಾನೂ ದುರ್ಗಾಸ್ತಮಾನವನ್ನೇ ತೋರಿಸುತ್ತೇನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ತರಾಸು ಬರವಣಿಗೆಯ ರುಚಿ ಹತ್ತಿದವರು ಆ ಹೆಸರುಗಳ ರಾಶಿಯನ್ನು ಸಹಿಸಿಕೊಳ್ಳುತ್ತಾರೆ. ಹತ್ತದವರು ಅಕ್ಕನ ಮಗಳ ಹಾಗೆ ಮಡಚಿಡುತ್ತಾರೆ. ಕೊಳ್ಳುವಾಗ ಒಳಗೆ ಬಿಚ್ಚಿ ನೋಡಿ. ನನಗೆ ಸಿಕ್ಕ ಒಂದು ಪ್ರತಿಯ ಅಕ್ಷರ ಎಷ್ಟು ಸಣ್ಣಗಿತ್ತೆಂದರೆ ರಾತ್ರಿ ಓದಲು ಆಗಲೇ ಇಲ್ಲ.

ಮೂರೂ ಮುಗಿದವರಿಗೆ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಇವೆ. ಮದಕರಿಗಿಂತ ಹಿಂದಿನ ಕಾಲದವು, ಒಂದರ ಬೆನ್ನಿಗೆ ಒಂದು ಓದಬೇಕು. ನಾನು ರಕ್ತರಾತ್ರಿ ಮುಗಿಸಿ ಕೂತಿದ್ದೇನೆ, ಲೈಬ್ರರಿಯಲ್ಲಿ ಮುಂದಿನದು ಯಾರೋ ಒಯ್ದವರು ತಂದೇ ಇಲ್ಲ. ತಿರುಗುಬಾಣ ಯಾರ ಹತ್ತಿರವಾದರೂ ಇದ್ದರೆ ಹೇಳಿ, ಬಂದು ತಗೊಂಡು ಹೋಗುತ್ತೇನೆ.