ಮಿನಿ ಹಿಟಾಚಿಗೆ ರಬ್ಬರ್ ಚೈನ್: ಕೊಡಗಿನ ತೋಟದಲ್ಲಿ ಬಳಸಿದ ಮೇಲೆ

ಟಾರು ರಸ್ತೆ ದಾಟಿ, ಕಾಫಿ ಕಣದ ಅಂಚಿನಲ್ಲಿ ಹಾದು, ತೋಟದೊಳಗೆ ಮಳೆ ನೀರು ಇಂಗಿಸುವ ತೊಟ್ಟಿಲು ಗುಂಡಿ ತೆಗೆಯುವ 3ರಿಂದ 6 ಟನ್ನಿನ ಯಂತ್ರಕ್ಕೆ ರಬ್ಬರ್ ಚೈನ್ (ಚಕ್ರದ ಬದಲು ಯಂತ್ರ ಓಡುವ ಪಟ್ಟಿ) ಹಾಕಿಸಿದ್ದು ಸರಿಯಾದ ನಿರ್ಧಾರ. ಕಬ್ಬಿಣದ ಚೈನ್ ಆದರೆ ರಸ್ತೆ ದಾಟಲು ಹಳೆ ಟೈರ್ ಹಾಸಬೇಕು, ಕಣದ ಸಿಮೆಂಟ್ ಕಿತ್ತು ಬರುತ್ತದೆ. ಆದರೆ ಹಳೆ ಕಾಫಿ ಗಿಡ ಕಡಿದ ಜಾಗಕ್ಕೆ ರಬ್ಬರ್ ಬೇಡವೇ ಬೇಡ. ಓರೆಯಾಗಿ ಕಡಿದ ಬುಡ ಈಟಿಯಂತೆ ಚುಚ್ಚುತ್ತದೆ.

ಕೊಳ್ಳುವಾಗ ಹಳೆ ಚೈನಿನ ಒಳಮೈಯಲ್ಲಿ ಅಚ್ಚಾದ ಅಳತೆ ಓದಿ. 300×52.5×80 ಎಂದಿದ್ದರೆ ಅಗಲ 300 ಮಿ.ಮೀ., ಪಿಚ್ (ಒಂದು ಲಿಂಕಿನಿಂದ ಮುಂದಿನದಕ್ಕೆ ಇರುವ ದೂರ) 52.5 ಮಿ.ಮೀ., ಲಿಂಕ್ (ಒಳಗಿನ ಕಬ್ಬಿಣದ ತುಂಡು) 80. ಅಳತೆ ಹೊಂದಿದರೆ ಸಾಲದು. ರೋಲರ್ (ಯಂತ್ರದ ಭಾರ ಹೊತ್ತು ಚೈನಿನೊಳಗೆ ಉರುಳುವ ಗಾಲಿ) ಓಡುವ ಜಾಗವೂ ಹೊಂದಬೇಕು, ಇಲ್ಲದಿದ್ದರೆ ಚೈನ್ ಪದೇ ಪದೇ ಕಳಚುತ್ತದೆ. ಕಬ್ಬಿಣದ ಚೈನಿನ ರೋಲರ್ ಮೇಲೆ ಎಲ್ಲ ರಬ್ಬರ್ ಚೈನೂ ಕೂರುವುದಿಲ್ಲ, ಅದೇ ರೋಲರ್ ಮೇಲೆ ಕಬ್ಬಿಣದ ಚೈನಿನ ಜಾಗಕ್ಕೆ ಹಾಕಬಹುದಾದದ್ದನ್ನೇ ಕೇಳಿ ತರಬೇಕು. ಚೈನನ್ನು ತಿರುಗಿಸುವ ಹಲ್ಲುಚಕ್ರ, ಅಂದರೆ ಸ್ಪ್ರಾಕೆಟ್‌ನ ಹಲ್ಲು ಕೊಕ್ಕೆಯಂತೆ ಸವೆದಿದ್ದರೆ ಅದನ್ನೂ ಬದಲಿಸಿ. ಆ ಖರ್ಚು ಉಳಿಸಲು ಹೋದರೆ ಹೊಸ ಚೈನ್ ಬೇಗ ಹಾಳಾಗುತ್ತದೆ.

ಹಾಕುವ ಕೆಲಸಕ್ಕೆ ಸಮತಟ್ಟು, ಗಟ್ಟಿ ನೆಲ ಬೇಕು. ಬಕೆಟ್ ಮತ್ತು ಬ್ಲೇಡ್ ಊರಿ ಯಂತ್ರ ಎತ್ತಿ, ಕೆಳಗೆ ದಿಮ್ಮಿ ಕೊಡಿ. ಚೈನಿನ ಬಿಗಿ ಹಿಡಿದಿಡುವ ಗ್ರೀಸ್ ವಾಲ್ವನ್ನು ನಿಧಾನಕ್ಕೆ ಸಡಿಲಿಸಿ, ಒಂದು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಒಳಗಿನ ಒತ್ತಡಕ್ಕೆ ಗ್ರೀಸ್ ಗುಂಡಿನಂತೆ ಚಿಮ್ಮುತ್ತದೆ, ವಾಲ್ವಿನ ಎದುರು ಮುಖ ಇಡಬೇಡಿ. ಗ್ರೀಸ್ ಬಾರದಿದ್ದರೆ ವಾಲ್ವ್ ಇನ್ನಷ್ಟು ಬಿಚ್ಚದೆ ಚೈನನ್ನು ಹಿಂದೆ ಮುಂದೆ ಸ್ವಲ್ಪ ಆಡಿಸಿ. ಸಡಿಲವಾದ ಮೇಲೆ ಚೈನಿನ ಸಂದಿಗೆ ಮೂರು ಕಬ್ಬಿಣದ ಪೈಪ್ ತೂರಿಸಿ, ಸ್ಪ್ರಾಕೆಟನ್ನು ಹಿಂದಕ್ಕೆ ತಿರುಗಿಸಿದರೆ ಇನ್ನೊಂದು ತುದಿಯ ಚಕ್ರವಾದ ಐಡ್ಲರ್ ಬಳಿ ಚೈನ್ ಮೇಲೇಳುತ್ತದೆ. ಆಗ ಪಕ್ಕಕ್ಕೆ ಜಾರಿಸಿ ತೆಗೆಯಿರಿ. ಹೊಸದನ್ನು ಮೊದಲು ಸ್ಪ್ರಾಕೆಟ್ ಹಲ್ಲಿಗೆ ಕೂರಿಸಿ, ಆಮೇಲೆ ಐಡ್ಲರಿಗೆ.

ಬಿಗಿ ನೋಡುವಾಗ ಚೈನಿನ ಮೇಲಿರುವ ಮಲಗಿದ ಎಂಟರ ಗುರುತು (∞) ಮೇಲ್ಭಾಗದ ನಡುವೆ ಬರಲಿ. ಎತ್ತಿದ ಸ್ಥಿತಿಯಲ್ಲಿ ನಡುವಿನ ರೋಲರಿಗೂ ಚೈನಿನ ಒಳಮೈಗೂ 10ರಿಂದ 15 ಮಿ.ಮೀ. ಅಂತರ ಸಣ್ಣ ಯಂತ್ರಗಳಿಗೆ ಸರಿ. ನಿಮ್ಮ ಯಂತ್ರದ ಪುಸ್ತಕದಲ್ಲಿ ಬೇರೆ ಲೆಕ್ಕ ಇದ್ದರೆ ಅದೇ ಅಂತಿಮ. ಹೊಸ ಚೈನ್ ಎಳೆದುಕೊಳ್ಳುತ್ತದೆ, ಮೊದಲ ದಿನದ ಕೆಲಸ ಮುಗಿದೊಡನೆ ಮತ್ತೆ ಅಳೆಯಿರಿ.

ಚೈನ್ ಹಾಳಾಗುವುದು ಮೇಲಿನ ನೆಲ ಕಚ್ಚುವ ಗುಬಟು ಸವೆದೇ ಎಂದುಕೊಳ್ಳಬೇಡಿ. ಮೋರಿ ಚಪ್ಪಡಿಯ ಚೂಪು ಅಂಚು ಪಕ್ಕದ ರಬ್ಬರನ್ನು ಸೀಳುತ್ತದೆ, ಆ ಸೀಳಿನಲ್ಲಿ ಮಳೆಗಾಲದ ನೀರು ಇಳಿದು ಒಳಗಿನ ಉಕ್ಕಿನ ತಂತಿಗೆ ತುಕ್ಕು ಹಿಡಿಯುತ್ತದೆ. ಮುಂದೆ ಒಂದು ದಿನ ಗುಡ್ಡದ ಮೇಲೆ ಚೈನ್ ಫಟ್ಟನೆ ಹರಿಯುತ್ತದೆ. ತಂತಿ ತುಂಡಾದ ಮೇಲೆ ಪ್ಯಾಚ್ ಹಾಕಿ ಪ್ರಯೋಜನವಿಲ್ಲ. ಗೊಬ್ಬರದ ಶೆಡ್ ಮುಂದೆ ಚೆಲ್ಲಿದ ಪೊಟ್ಯಾಷ್ ಮೇಲೆ ಓಡಿಸಿದರೆ ಒಳಗಿನ ಕಬ್ಬಿಣಕ್ಕೆ ಕೇಡು, ಡೀಸೆಲ್ ಸೋರಿದರೆ ರಬ್ಬರಿಗೆ. ಎರಡನ್ನೂ ಅಂದೇ ತೊಳೆಯಬೇಕು. ಕೆಂಪು ಮಣ್ಣು ಸ್ಪ್ರಾಕೆಟ್ ಸುತ್ತ ಒಣಗಿ ಕಲ್ಲಾಗುವ ಮೊದಲೇ, ಸಂಜೆಯೇ ಕೆರೆದು ತೆಗೆಯಿರಿ.

ಆಪರೇಟರ್‌ಗೆ ಹೇಳಲೇಬೇಕಾದ್ದು: ನಿಂತಲ್ಲೇ ಗಿರಕಿ ಹೊಡೆಸಬಾರದು, ಅದರಲ್ಲೂ ಟಾರಿನ ಮೇಲೆ. ಇಳಿಜಾರಿನಲ್ಲಿ ಅಡ್ಡಡ್ಡ ಓಡಿಸಿದರೆ ಸಡಿಲ ಚೈನ್ ಅಲ್ಲೇ ಕಳಚುತ್ತದೆ, ನೇರ ಹತ್ತಿ ನೇರ ಇಳಿಯಲಿ.

20 ಟನ್ನಿನ ದೊಡ್ಡ ಹಿಟಾಚಿಗೆ ಈ ಚೈನ್ ಬದಲು ಕಬ್ಬಿಣದ ಚೈನಿನ ಶೂಗಳಿಗೆ (ನೆಲ ತುಳಿಯುವ ಪಟ್ಟಿಗಳಿಗೆ) ರಬ್ಬರ್ ಪ್ಯಾಡ್ ಬಿಗಿಸುವುದೇ ರೂಢಿ. ಒಂದೊಂದು ಬದಿಗೆ ನಲವತ್ತಕ್ಕೂ ಹೆಚ್ಚು ಪ್ಯಾಡ್ ಬೇಕು. ಶೂಗೆ ತೂತು ಇದ್ದರೆ ಬೋಲ್ಟಿನದು, ಇಲ್ಲದಿದ್ದರೆ ಅಂಚಿಗೆ ಕಚ್ಚುವ ಕ್ಲಿಪ್ಪಿನದು. ಒಂದು ಬಿದ್ದುಹೋದರೆ ಅಕ್ಕಪಕ್ಕದವಕ್ಕೆ ಭಾರ ಹೆಚ್ಚುತ್ತದೆ, ಬೋಲ್ಟ್ ದಿನಾ ನೋಡಿ. ಶೂವಿನ ಹಲ್ಲು ಪ್ಯಾಡಿನಡಿ ಮುಚ್ಚಿಹೋಗುವುದರಿಂದ ಕೆಸರಿನಲ್ಲಿ ಹಿಡಿತ ಇರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರೆಯ (ಕಡಿದಾದ ಮಣ್ಣಿನ ದಂಡೆಯ) ಅಂಚಿನಲ್ಲಿ ಕೆಲಸವಿದ್ದರೆ ಪ್ಯಾಡ್ ಬಿಚ್ಚಿಟ್ಟೇ ಯಂತ್ರ ಇಳಿಸಿ.