ಬಿಗಿದ ಕಾಲ್ಗಿಣ್ಣಿಗೆ ಶಿಮಾನೊ ಎಕ್ಸ್‌ಸಿ1 ಸೈಕಲ್ ಶೂ: ಎಷ್ಟು ತಿದ್ದಬಹುದು, ಎಲ್ಲಿ ನಿಲ್ಲಿಸಬೇಕು

ಅಪಘಾತದಲ್ಲಿ ಕಾಲ್ಗಿಣ್ಣಿನ ಮೂಳೆ ಮುರಿದು ಪ್ಲೇಟ್ ಹಾಕಿಸಿಕೊಂಡವರು, ಸಂಧಿವಾತ ಇರುವವರು, ಕೀಲನ್ನೇ ಕೂಡಿಸುವ ಶಸ್ತ್ರಚಿಕಿತ್ಸೆ ಆದವರು ಕ್ಲಿಪ್ ಪೆಡಲ್‌ಗೆ ಶೂ ಕೇಳಿದರೆ, ಅಂಗಡಿಯವರು ಮೊದಲು ತೋರಿಸುವುದು ಮೂರು ಬೋಲ್ಟಿನ ರೋಡ್ ಶೂ. ಬಿಗಿದ ಗಿಣ್ಣಿಗೆ ಅದು ಹೊಂದುವುದಿಲ್ಲ. ಅದರ ಕ್ಲೀಟ್, ಅಂದರೆ ಪೆಡಲಿಗೆ ಕಚ್ಚಿಕೊಳ್ಳುವ ತುಂಡು, ಅಟ್ಟೆಯಿಂದ ಹೊರಗೆ ಚಾಚಿಕೊಂಡಿರುತ್ತದೆ. ನೆಲದ ಮೇಲೆ ನಿಂತಾಗ ಮುಂಗಾಲು ಮೇಲೆದ್ದು ಹಿಮ್ಮಡಿ ಕೆಳಗಿಳಿಯುತ್ತದೆ, ಅಂದರೆ ಯಾವ ದಿಕ್ಕಿಗೆ ಗಿಣ್ಣು ಮಡಚುವುದಿಲ್ಲವೋ ಅದೇ ದಿಕ್ಕಿಗೆ ಒತ್ತುತ್ತದೆ. ಸಿಗ್ನಲ್‌ನಲ್ಲಿ ಕಾಲೂರಿದಾಗಲೆಲ್ಲ ನೋವು ಅದಕ್ಕೇ.

ಎಕ್ಸ್‌ಸಿ1 ಎರಡು ಬೋಲ್ಟಿನ ಎಸ್‌ಪಿಡಿ (ಶಿಮಾನೊದ ಕ್ಲಿಪ್ ಪೆಡಲ್ ಪದ್ಧತಿ) ಶೂ. ಕ್ಲೀಟ್ ಅಟ್ಟೆಯ ರಬ್ಬರ್ ಗಟ್ಟಿಗಳ (ಉಬ್ಬುಗಳ) ನಡುವೆ ಒಳಗೆ ಕೂತಿರುವುದರಿಂದ ಪಾದ ಸಮನಾಗಿ ನೆಲ ಮುಟ್ಟುತ್ತದೆ. ಅಟ್ಟೆ ನೈಲಾನಿನದು, ಕಾರ್ಬನ್‌ನಷ್ಟು ಬಿಗಿಯಲ್ಲ, ಆದರೆ ಪೆಡಲ್ ತುಳಿಯಲು ಸಾಕು. ಕಟ್ಟುವುದಕ್ಕೆ ವೆಲ್ಕ್ರೋ ಪಟ್ಟಿಗಳು. ದುಬಾರಿ ಶೂಗಳ ತಿರುಪು ಡಯಲ್ ನೋಡಲು ಚೆಂದ, ಆದರೆ ಸಂಜೆಯ ಹೊತ್ತಿಗೆ ಊದಿಕೊಳ್ಳುವ ಕಾಲಿಗೆ ವೆಲ್ಕ್ರೋವೇ ಮೇಲು: ಮೇಲಿನ ಪಟ್ಟಿಯನ್ನಷ್ಟೇ ಸಡಿಲಿಸಬಹುದು, ಪಟ್ಟಿ ಸಾಲದಿದ್ದರೆ ಮೋಚಿಯ ಹತ್ತಿರ ನೈಲಾನ್ ದಾರದಲ್ಲಿ ಒಂದು ತುಂಡು ಸೇರಿಸಿ ಹೊಲಿಸಬಹುದು. ಶೂ ಕೊಳ್ಳಲು ಸಂಜೆಯೇ ಹೋಗಿ. ಒಳಗೆ ಪ್ಲಾಸ್ಟಿಕ್ ಬ್ರೇಸ್ ಹಾಕುವವರು ಅದನ್ನು ಹಾಕಿಕೊಂಡೇ ಅಳತೆ ನೋಡಬೇಕು.

ಮೊದಲ ತಿದ್ದುಪಡಿಗೆ ದುಡ್ಡೇ ಬೇಡ: ಕ್ಲೀಟನ್ನು ಹಿಂದಕ್ಕೆ ಸರಿಸುವುದು. ಶೂ ಒಳಗಿನ ನಟ್ ತಗಡಿನಲ್ಲಿ ನಾಲ್ಕು ತೂತುಗಳಿವೆ. ಹಿಂದಿನ ಜೋಡಿಗೆ ಬೋಲ್ಟ್ ಹಾಕಿ, ಅಟ್ಟೆಯಲ್ಲಿನ ಉದ್ದ ಸೀಳು ಬಿಟ್ಟಷ್ಟು ಹಿಮ್ಮಡಿಯ ಕಡೆಗೆ ಎಳೆಯಿರಿ. ಪೆಡಲಿಗೂ ಗಿಣ್ಣಿಗೂ ನಡುವಿನ ಅಂತರ ಕಡಿಮೆಯಾದಷ್ಟೂ ಹಿಮ್ಮಡಿಯನ್ನು ಹಿಡಿದು ನಿಲ್ಲಿಸಲು ಮೀನಖಂಡಕ್ಕೆ ಬೀಳುವ ಕೆಲಸ ತಗ್ಗುತ್ತದೆ, ಕೀಲಿನ ಆಟವೂ ತಗ್ಗುತ್ತದೆ. ಒಂದೇ ಸಲ ಪೂರ್ತಿ ಎಳೆಯದೆ 5 ಮಿ.ಮೀ. ಸರಿಸಿ, ಓಡಿಸಿ ನೋಡಿ, ಆಮೇಲೆ ಮುಂದುವರಿಸಿ. ಹಳೆಯ ಜಾಗದ ಸುತ್ತ ಮಾರ್ಕರ್‌ನಲ್ಲಿ ಗೆರೆ ಎಳೆದಿರಬೇಕು, ಇಲ್ಲದಿದ್ದರೆ ಹಿಂದಿರುಗಲು ದಾರಿಯಿಲ್ಲ. ಎರಡೂ ಶೂಗಳಲ್ಲಿ ಸಮನಾಗಿ ಸರಿಸಿ. ನೋವಿನ ಕಾಲಿಗೆ ಮಾತ್ರ ಸರಿಸಿದರೆ ಒಂದೊಂದು ಕಾಲು ಒಂದೊಂದು ಸೀಟ್ ಎತ್ತರ ಕೇಳುತ್ತದೆ. ಕ್ಲೀಟ್ 10 ಮಿ.ಮೀ. ಹಿಂದೆ ಹೋದರೆ ಸೀಟನ್ನು 3ರಿಂದ 5 ಮಿ.ಮೀ. ಇಳಿಸಿ ನೋಡಿ. ಚಿಕ್ಕ ಫ್ರೇಮ್ ಆದರೆ ಒಂದು ಎಚ್ಚರ: ಪಾದ ಮುಂದೆ ಬಂದಿರುವುದರಿಂದ ನಿಧಾನವಾಗಿ ತಿರುಗುವಾಗ ಬೆರಳತುದಿ ಮುಂದಿನ ಚಕ್ರಕ್ಕೆ ತಾಗಬಹುದು. ರಸ್ತೆಗೆ ಇಳಿಯುವ ಮೊದಲು ನಿಂತಲ್ಲೇ ಹ್ಯಾಂಡಲ್ ತಿರುಗಿಸಿ ನೋಡಿಕೊಳ್ಳಿ.

ಸೀಳು ಮುಗಿದ ಮೇಲೂ ಹಿಂದಕ್ಕೆ ಬೇಕೆಂದು ಮನೆಯಲ್ಲಿ ಡ್ರಿಲ್ ಹಿಡಿಯುವುದು ಬೇಡ. ಹೊಸ ತೂತಿನ ಒಳಭಾಗದಲ್ಲಿ ನಟ್ ತಗಡು ಇರುವುದಿಲ್ಲ, ಬೋಲ್ಟಿನ ತುದಿ ಅಂಗಾಲಿನ ಕಮಾನಿಗೆ ಚುಚ್ಚುತ್ತದೆ, ಅಟ್ಟೆ ಅಲ್ಲಿಂದಲೇ ಸೀಳುತ್ತದೆ.

ಎರಡನೆಯದು ಕ್ಲೀಟಿನ ಆಯ್ಕೆ. ಕಪ್ಪು ಬಣ್ಣದ ಎಸ್‌ಎಚ್51 ಬಿಡಿಸಿಕೊಳ್ಳಲು ಹಿಮ್ಮಡಿಯನ್ನು ಪಕ್ಕಕ್ಕೆ ತಿರುಚಬೇಕು. ಬಿಗಿದ ಗಿಣ್ಣು ತಿರುಚುವುದಿಲ್ಲ, ಆ ತಿರುಚು ಮಂಡಿಗೆ ಹೋಗುತ್ತದೆ. ಎಸ್‌ಎಚ್56 ಹಾಕಿಸಿ. ಇದು ಹೆಚ್ಚು ಕೋನಗಳಲ್ಲಿ, ಮೇಲಕ್ಕೆ ಓರೆಯಾಗಿ ಎಳೆದರೂ ಬಿಟ್ಟುಕೊಡುತ್ತದೆ. ಅದೇ ಗುಣ ಏರಿನಲ್ಲಿ ಎದ್ದುನಿಂತು ಜೋರಾಗಿ ಎಳೆದಾಗ ತೊಂದರೆ ಕೊಡುತ್ತದೆ, ಕಾಲು ತಾನಾಗಿ ಕಳಚಬಹುದು. ಆದರೂ ಬಿಡಿಸಲಾಗದೆ ಬೀಳುವುದಕ್ಕಿಂತ ಇದು ಒಳ್ಳೆಯದು. ಪೆಡಲಿನ ಸ್ಪ್ರಿಂಗ್ ಅತಿ ಸಡಿಲದಿಂದ ಶುರುವಾಗಲಿ. ಎರಡು ಮುಖದ ಪೆಡಲಿಗೆ ಎರಡು ತಿರುಪು, ಜೋಡಿಗೆ ನಾಲ್ಕು. ಒಂದನ್ನು ಮರೆತರೂ ಯಾವಾಗ ಬಿಗಿ ಸಿಗುತ್ತದೆಂದು ಹೇಳಲಾಗದು.

ಪಾದ ಹೊರಕ್ಕೆ ತಿರುಗಿ ಕೂಡಿಕೊಂಡಿದ್ದರೆ ಅದನ್ನು ನೇರ ಮಾಡಲು ಹೋಗಬೇಡಿ. ಕ್ಲೀಟಿನ ಮೂತಿಯನ್ನು ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಕಡೆಗೆ ತಿರುಗಿಸಿದರೆ ಶೂ ಹೊರಮುಖವಾಗಿ ಕೂರುತ್ತದೆ. ಹಿಮ್ಮಡಿ ಕ್ರ್ಯಾಂಕಿಗೆ ಉಜ್ಜಿದರೆ ಪೆಡಲಿಗೆ ಒಂದು ವಾಷರ್ ಹಾಕಿ. ಎಡ ಪೆಡಲಿನ ಮರೆ (ಥ್ರೆಡ್) ಉಲ್ಟಾ ಎಂಬುದು ನೆನಪಿರಲಿ.

ಮುರಿತದ ನಂತರ ಕಾಲು ಗಿಡ್ಡವಾಗಿದ್ದರೆ ಕ್ಲೀಟಿನ ಕೆಳಗೆ ಗಟ್ಟಿ ಪ್ಲಾಸ್ಟಿಕ್ ಶಿಮ್ (ಎತ್ತರಿಸುವ ತೆಳು ಬಿಲ್ಲೆ) ಇಡಬೇಕು. ಓರೆ ವೆಡ್ಜ್‌ಗಳು ಕೈಲಿದ್ದರೆ, ಎರಡರ ದಪ್ಪ ಅಂಚನ್ನು ಎದುರುಬದುರು ಇಟ್ಟರೆ ಸಮತಟ್ಟಾದ ಶಿಮ್ ಆಗುತ್ತದೆ. ಶಿಮ್ 3 ಮಿ.ಮೀ. ಆದರೆ ಬೋಲ್ಟ್ ಕೂಡ 3 ಮಿ.ಮೀ. ಉದ್ದದ್ದು ಬೇಕು. ಹಳೆಯ ಬೋಲ್ಟ್ ಎರಡು ಮೂರು ಸುತ್ತು ಹಿಡಿದು ಬಿಗಿಯಾದಂತೆ ಕಂಡು, ಆಮೇಲೆ ಮರೆಯನ್ನೇ ಕಿತ್ತುಕೊಂಡು ಬರುತ್ತದೆ. ಬೋಲ್ಟ್ ಎಂ5, ಅಲೆನ್ ಕೀ 4 ಮಿ.ಮೀ., ಬಿಗಿತ 5ರಿಂದ 6 ನ್ಯೂಟನ್ ಮೀಟರ್, ಮರೆಗೆ ಗ್ರೀಸ್. ಶಿಮ್ ಏರಿದಷ್ಟೂ ಕ್ಲೀಟ್ ರಬ್ಬರ್ ಗಟ್ಟಿಗಳಿಗಿಂತ ಕೆಳಗಿಳಿದು ಟೈಲ್ಸ್ ಮೇಲೆ ಜಾರುತ್ತದೆ, ಗಟ್ಟಿಗಳು ಪೆಡಲಿಗೆ ತಾಗುವುದು ನಿಂತು ಶೂ ಅಲುಗಾಡುತ್ತದೆ. ಆದ್ದರಿಂದ ಎಕ್ಸ್‌ಸಿ1ಗೆ 3 ಮಿ.ಮೀ. ವರೆಗೆ ಸರಿ. ಅದಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಆರ್ಥೋಟಿಕ್ಸ್ (ಬ್ರೇಸ್, ವಿಶೇಷ ಶೂ ಮಾಡಿಕೊಡುವ) ತಜ್ಞರಿಂದ ಅಟ್ಟೆಯನ್ನೇ ಎತ್ತರಿಸಬೇಕು.

ಹಿಮ್ಮಡಿ ಕೆಳಗೆ ಪ್ಯಾಡ್ ಇಡುವ ಸಲಹೆ ಬಹಳ ಕೇಳಿಬರುತ್ತದೆ. ಪೆಡಲ್ ತನ್ನ ಅಚ್ಚಿನ ಮೇಲೆ ತಿರುಗುವುದರಿಂದ ಶೂ ಹೇಗೂ ಬೇಕಾದಂತೆ ವಾಲುತ್ತದೆ, ಹಾಗಾಗಿ ತುಳಿಯುವಾಗ ಪ್ಯಾಡಿನಿಂದ ಸಿಗುವುದು ಅಲ್ಪ. ನಡೆಯಲು ಅನುಕೂಲ, ಅಷ್ಟೆ. ಎಂಸಿಆರ್ (ಮೆತ್ತನೆಯ ರಬ್ಬರ್) ಹಾಳೆ ಮೆತ್ತಗೆ ಕುಸಿಯುತ್ತದೆ, ಗಟ್ಟಿ ಇವಿಎ ಫೋಮ್ ಬಳಸಿ, ಕಮಾನಿನ ಕಡೆಗೆ ತೆಳುವಾಗಿ ಉಜ್ಜಿ. 5 ಮಿ.ಮೀ. ದಾಟಿದರೆ ಹಿಮ್ಮಡಿ ಶೂನಿಂದ ಕಳಚಿ ಬರುತ್ತದೆ. ಪೆಡಲ್ ಮೇಲೆ ಬಂದಾಗಿನ ನೋವಿಗೆ ನಿಜವಾದ ಮದ್ದು ಗಿಡ್ಡ ಕ್ರ್ಯಾಂಕ್: 170 ಬಿಟ್ಟು 160 ಮಿ.ಮೀ. ಹಾಕಿ ಸೀಟನ್ನು 10 ಮಿ.ಮೀ. ಏರಿಸಿದರೆ, ಮೇಲ್ತುದಿಯಲ್ಲಿ ಕಾಲಿಗೆ 20 ಮಿ.ಮೀ. ಹೆಚ್ಚು ಜಾಗ ಸಿಗುತ್ತದೆ.

ಮಳೆಗಾಲದಲ್ಲಿ ಕೆಮ್ಮಣ್ಣು ಬೋಲ್ಟಿನ ತಲೆಯೊಳಗೆ ಗಟ್ಟಿಯಾಗಿ ಕೀ ಹಿಡಿಯದಂತಾಗುತ್ತದೆ. ಅಲ್ಲಿ ಸ್ವಲ್ಪ ಮೇಣ ತುಂಬಿಡಿ. ಪ್ರತಿ ತಿದ್ದುಪಡಿಯ ನಂತರದ ಮೊದಲ ಸವಾರಿ ಮುಗಿದ ಕೂಡಲೇ ಬೋಲ್ಟುಗಳನ್ನು ಮತ್ತೆ ಬಿಗಿಮಾಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋಗಿರುವವರಿಗೆ ಈ ಶೂ ಬೇಡ, ಯಾವ ಕ್ಲಿಪ್ ಶೂವೂ ಬೇಡ. ಅಗಲವಾದ ಚಪ್ಪಟೆ ಪೆಡಲ್ ಹಾಕಿಸಿಕೊಳ್ಳಿ.