ವಿಮಾನದೊಳಗೂ ಒಂದು ಟವರ್ ಇರುತ್ತದೆ: ಏರ್‌ಪ್ಲೇನ್ ಮೋಡ್ ಹಾಕಿಸದೆ ಹಿರಿಯರನ್ನು ವಿದೇಶಕ್ಕೆ ಕಳುಹಿಸಬೇಡಿ

ವಿದೇಶಕ್ಕೆ ಹೊರಟ ವಿಮಾನದಲ್ಲಿ ಫೋನನ್ನು, ಸಿಮ್ಮಿನ ಸಂಪರ್ಕ ನಿಲ್ಲಿಸುವ ಏರ್‌ಪ್ಲೇನ್ ಮೋಡಿಗೆ ಹಾಕದೆ ಕಿಸೆಯಲ್ಲಿ ಇಟ್ಟುಕೊಂಡು ಕುಳಿತರೆ, ಯಾರೂ ಒಂದು ಗುಂಡಿಯನ್ನೂ ಒತ್ತದಿದ್ದರೂ ಸಾವಿರಾರು ರೂಪಾಯಿಯ ಬಿಲ್ ಬರಬಹುದು. ನಮ್ಮ ಮನೆತನದಲ್ಲಿ ಇದು ನಡೆದಿದೆ. ದುಬೈ, ಮಸ್ಕತ್, ಜೆಡ್ಡಾ, ಲಂಡನ್ ಎಂದು ಮಕ್ಕಳು ನೆಲೆಸಿದ ಊರುಗಳಿಗೆ ಈಗ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಸಣ್ಣ ಊರುಗಳಿಂದಲೂ ತಂದೆ ತಾಯಿಯರು ಮೊದಲ ಸಲ ವಿಮಾನ ಹತ್ತುತ್ತಿದ್ದಾರೆ. ಅವರನ್ನು ಕಳುಹಿಸಿಕೊಡುವವರು ಪಾಸ್‌ಪೋರ್ಟು, ವೀಸಾ, ಶೇಂಗಾ ಚಟ್ನಿಯ ಡಬ್ಬಿಗಳನ್ನು ಎಷ್ಟು ಕಾಳಜಿಯಿಂದ ನೋಡುತ್ತಾರೋ ಅಷ್ಟೇ ಕಾಳಜಿಯಿಂದ ಫೋನನ್ನೂ ನೋಡಬೇಕು ಎಂಬ ಕಾರಣಕ್ಕೆ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಗುಳೇದಗುಡ್ಡದ ನಮ್ಮ ಕಾಕಾ ಮತ್ತು ಚಿಗವ್ವ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆಂದು ದುಬೈಗೆ ಹೊರಟಿದ್ದರು. ಕಾಕಾ ಜೀವನವಿಡೀ ಖಣದ ವ್ಯಾಪಾರ ಮಾಡಿದವರು; ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆಯಾದರೂ ಅದರ ಕಾರಣ ತಿಳಿಯುವ ತನಕ ಊಟಕ್ಕೆ ಏಳದ ಸ್ವಭಾವ ಅವರದು. ಬ್ಯಾಂಕಿನ ಓಟಿಪಿ ಬರುವ ನಂಬರು ಬಂದ್ ಆಗಬಾರದೆಂದು ಅವರ ಪೋಸ್ಟ್‌ಪೇಯ್ಡ್ ಸಿಮ್ ಅನ್ನೇ ಇಟ್ಟುಕೊಂಡು, ದುಬೈಯಲ್ಲಿರುವ ಮಗ ಅದಕ್ಕೆ ಅಲ್ಲಿನ ಅಂತರರಾಷ್ಟ್ರೀಯ ರೋಮಿಂಗ್ ಪ್ಯಾಕನ್ನು (ನಮ್ಮ ಸಿಮ್ ವಿದೇಶದ ಕಂಪನಿಯ ಜಾಲದಲ್ಲಿ ನಡೆಯುವಂತೆ ಮಾಡುವ ಪ್ಯಾಕು) ಮುಂಚಿತವಾಗಿಯೇ ಹಾಕಿಸಿದ್ದ. ಇಳಿದ ಕೂಡಲೇ ವಾಟ್ಸ್ಆ್ಯಪ್ ನಡೆಯಲಿ ಎಂದು ಮೊಬೈಲ್ ಅಂಗಡಿಯ ಹುಡುಗ ಡೇಟಾ ರೋಮಿಂಗನ್ನೂ ಆನ್ ಮಾಡಿಕೊಟ್ಟಿದ್ದ. ಇಬ್ಬರ ಉದ್ದೇಶವೂ ಒಳ್ಳೆಯದೇ ಆಗಿತ್ತು, ಮತ್ತು ತೊಂದರೆ ಹುಟ್ಟಿದ್ದು ಅಲ್ಲಿಂದಲೇ.

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಮುಂಬೈಗೆ ಹೋದ ಸಣ್ಣ ವಿಮಾನದಲ್ಲಿ ಫೋನು ಸೈಲೆಂಟ್ ಆಗಿತ್ತೇ ಹೊರತು ಏರ್‌ಪ್ಲೇನ್ ಮೋಡಿನಲ್ಲಿ ಇರಲಿಲ್ಲ. ಗಂಟೆ ಬಾರಿಸದಂತೆ ಮಾಡಿದರೆ ಸಾಕು ಎಂದು ಕಾಕಾ ತಿಳಿದಿದ್ದರು. ಹಾಗೆ ತಿಳಿದುಕೊಂಡಿರುವವರು ನಮ್ಮಲ್ಲಿ ಬಹಳ ಜನರಿದ್ದಾರೆ, ಓದಿದವರೂ ಸೇರಿದಂತೆ. ಮೇಲೆ ಟವರ್ ಸಿಗದ ಫೋನು ಸುಮ್ಮನಿರುವುದಿಲ್ಲ, ತನ್ನ ಪೂರ್ಣ ಶಕ್ತಿಯಲ್ಲಿ ಹುಡುಕುತ್ತಲೇ ಇರುತ್ತದೆ. ಆದ್ದರಿಂದ ಮುಂಬೈ ಮುಟ್ಟುವ ಹೊತ್ತಿಗೆ ಬ್ಯಾಟರಿ ಅರ್ಧಕ್ಕಿಂತ ಕೆಳಗಿಳಿದಿತ್ತು. ಅಲ್ಲಿಯ ತನಕ ಆದ ನಷ್ಟ ಅಷ್ಟೇ.

ಮುಂಬೈಯಿಂದ ಹೊರಟ ದೊಡ್ಡ ವಿಮಾನದಲ್ಲಿ ಪ್ರಕಟಣೆಗಳು ಇಂಗ್ಲಿಷ್, ಹಿಂದಿ, ಅರಬ್ಬಿಯಲ್ಲಿ ಆದವು. ವಿಮಾನ ಮೇಲೇರಿದ ಸ್ವಲ್ಪ ಹೊತ್ತಿಗೆ ಕಾಕಾನ ಫೋನಿಗೆ ಸಿಗ್ನಲ್ ಬಂದಿದೆ. ಸಾಂಬ್ರಾದಲ್ಲಿ ಮನೆಮಂದಿಯೆಲ್ಲ ನಿಂತು ತೆಗೆಸಿಕೊಂಡ ಫೋಟೋಗಳು, ವಿಡಿಯೋಗಳು ತಾವಾಗಿಯೇ ಬ್ಯಾಕಪ್ ಆಗತೊಡಗಿವೆ. ಕುಟುಂಬದ ಗುಂಪಿನಲ್ಲಿ ನಾವೆಲ್ಲ ಹಾಕುತ್ತಿದ್ದ ಶುಭಾಶಯದ ವಿಡಿಯೋಗಳು ಒಂದೊಂದಾಗಿ ಇಳಿದಿವೆ. ದರವನ್ನು ತಿಳಿಸುವ ಸಂದೇಶವೂ, ಬಳಕೆ ಮಿತಿ ಸಮೀಪಿಸುತ್ತಿದೆ ಎಂಬ ಸಂದೇಶವೂ ಬಂದಿದ್ದವು. ಎರಡೂ ಇಂಗ್ಲಿಷಿನಲ್ಲಿ ಇದ್ದವು, ಫೋನು ಸೈಲೆಂಟಿನಲ್ಲಿತ್ತು, ಮತ್ತು ಕಾಕಾ ಕನ್ನಡವನ್ನಷ್ಟೇ ಓದಬಲ್ಲವರು.

ದುಬೈಯಲ್ಲಿ ಇಳಿದಾಗ ಆದ ತೊಂದರೆ ಹಣದ ತೊಂದರೆಗಿಂತ ದೊಡ್ಡದಾಗಿತ್ತು. ಪೋಸ್ಟ್‌ಪೇಯ್ಡ್ ನಂಬರಿಗೆ ಒಂದು ಸಾಲದ ಮಿತಿ ಇರುತ್ತದೆ. ಆ ಮಿತಿ ಆಕಾಶದಲ್ಲೇ ಮುಗಿದು ಹೋಗಿ, ಕಂಪನಿ ಹೊರಹೋಗುವ ಕರೆಗಳನ್ನೂ ಡೇಟಾವನ್ನೂ ನಿಲ್ಲಿಸಿಬಿಟ್ಟಿತ್ತು. ಮಗ ಹಾಕಿಸಿದ್ದ ಪ್ಯಾಕ್ ಇದ್ದೂ ಉಪಯೋಗಕ್ಕೆ ಬರಲಿಲ್ಲ. ಅಷ್ಟು ದೊಡ್ಡ ನಿಲ್ದಾಣದಲ್ಲಿ, ಭಾಷೆ ಬಾರದ ಇಬ್ಬರು ವಯಸ್ಸಾದವರು, ಯಾವ ಬಾಗಿಲಿನಲ್ಲಿ ಮಗ ನಿಂತಿದ್ದಾನೆಂದು ತಿಳಿಯದೆ, ಕೆಲಸ ಮಾಡದ ಫೋನನ್ನು ಹಿಡಿದುಕೊಂಡು ನಿಲ್ಲಬೇಕಾಯಿತು. ಉತ್ತರ ಕರ್ನಾಟಕದವರೇ ಆದ ಸಹಪ್ರಯಾಣಿಕರೊಬ್ಬರು ಚಿಗವ್ವನ ಮಾತು ಕೇಳಿ ಗುರುತು ಹಿಡಿದು ತಮ್ಮ ಫೋನಿನಿಂದ ಮಗನಿಗೆ ಕರೆ ಮಾಡಿಕೊಟ್ಟಿದ್ದರಿಂದ ಅವರು ಹೊರಬಂದರು. ಅವರ ಹೆಸರನ್ನೂ ಕೇಳಿಟ್ಟುಕೊಳ್ಳಲು ಆಗಲಿಲ್ಲವೆಂದು ಚಿಗವ್ವ ಈಗಲೂ ನೊಂದುಕೊಳ್ಳುತ್ತಾರೆ.

ಮುಂದಿನ ಬಿಲ್ಲಿನಲ್ಲಿ ಆ ಒಂದು ಪ್ರಯಾಣದ ಡೇಟಾಕ್ಕೆ ಹಾಕಿದ್ದ ಮೊತ್ತ, ಒಬ್ಬರ ವಿಮಾನದ ಟಿಕೆಟಿನ ದರವನ್ನೂ ಮೀರಿತ್ತು. "ನಾ ಫೋನ್ ಮುಟ್ಟೇ ಇಲ್ಲೋ ತಮ್ಮಾ, ಕಿಸೇದಾಗ ಇತ್ತು" ಎಂದು ಕಾಕಾ ನನಗೆ ಮತ್ತೆ ಮತ್ತೆ ಹೇಳಿದರು, ನಾವು ಅವರನ್ನು ಅನುಮಾನಿಸುತ್ತಿದ್ದೇವೆ ಎಂಬಂತೆ. ಅವರು ಹೇಳಿದ್ದು ಸತ್ಯ. ಮುಟ್ಟದ ಫೋನಿಗೆ ಬಿಲ್ ಹೇಗೆ ಬಂತು ಎಂಬುದನ್ನು ಅರ್ಥಮಾಡಿಕೊಂಡರೆ ಮಾತ್ರ ಉಳಿದವರು ಇದರಿಂದ ತಪ್ಪಿಸಿಕೊಳ್ಳಬಹುದು.

ವಿದೇಶಕ್ಕೆ ಹಾರುವ ಅನೇಕ ದೊಡ್ಡ ವಿಮಾನಗಳ ಒಳಗೆ ಒಂದು ಪುಟ್ಟ ಮೊಬೈಲ್ ಟವರನ್ನೇ ಅಳವಡಿಸಿರುತ್ತಾರೆ. ಪ್ರಯಾಣಿಕರು ಕೂರುವ ಜಾಗದ ಮೇಲ್ಛಾವಣಿಯಲ್ಲಿ ಅದರ ಆ್ಯಂಟೆನಾ ಇರುತ್ತದೆ. ಅದು ಫೋನುಗಳ ಸಂಕೇತವನ್ನು ಪಡೆದು, ವಿಮಾನದ ಬೆನ್ನ ಮೇಲಿರುವ ಇನ್ನೊಂದು ಆ್ಯಂಟೆನಾದ ಮೂಲಕ ಉಪಗ್ರಹಕ್ಕೆ ಕಳುಹಿಸುತ್ತದೆ, ಉಪಗ್ರಹದಿಂದ ಭೂಮಿಯ ಕೇಂದ್ರಕ್ಕೆ, ಅಲ್ಲಿಂದ ನಮ್ಮ ಕಂಪನಿಯ ಜಾಲಕ್ಕೆ ಅದು ತಲುಪುತ್ತದೆ. ಇದು ಹೊಸ ಸಂಗತಿಯಲ್ಲ. ಎಮಿರೇಟ್ಸ್ ಸಂಸ್ಥೆಯ ದುಬೈ–ಕಾಸಾಬ್ಲಾಂಕಾ ವಿಮಾನದಲ್ಲಿ 2008ರ ಮಾರ್ಚ್ 20ರಂದೇ ಇಂಥ ವ್ಯವಸ್ಥೆಯ ಮೂಲಕ ಅಧಿಕೃತವಾಗಿ ಮೊಬೈಲ್ ಕರೆ ಮಾಡಲಾಗಿತ್ತು. ಸಾಮಾನ್ಯವಾಗಿ 3000 ಮೀಟರ್ ಎತ್ತರ ದಾಟಿದ ಮೇಲೆ ಈ ಟವರನ್ನು ಚಾಲೂ ಮಾಡುತ್ತಾರೆ. ಭಾರತದ ಆಕಾಶದಲ್ಲಿ ಮೊಬೈಲ್ ಸೇವೆಗೆ 2018ರ ನಿಯಮಗಳು ನಿಗದಿ ಮಾಡಿದ ಕನಿಷ್ಠ ಎತ್ತರವೂ ಅದೇ.

ನಮ್ಮ ಫೋನಿನ ದೃಷ್ಟಿಯಲ್ಲಿ ಆ ಟವರು ಇನ್ನೊಂದು ದೇಶದ ಕಂಪನಿಯಿದ್ದಂತೆ. ರೋಮಿಂಗ್ ಚಾಲೂ ಇರುವ ಫೋನು ಅದನ್ನು ಕಂಡೊಡನೆ, ಮಾಲೀಕರನ್ನು ಕೇಳದೆ, ಸೇರಿಕೊಳ್ಳುತ್ತದೆ. ಇಲ್ಲಿಯೇ ಹೆಚ್ಚಿನವರು ಎಡವುವುದು: ದುಬೈಗೆಂದು ಹಾಕಿಸಿದ ಪ್ಯಾಕು ದುಬೈಯ ನೆಲದ ಮೇಲಿನ ಕಂಪನಿಗಳಿಗೆ ಅನ್ವಯಿಸುತ್ತದೆ, ವಿಮಾನದೊಳಗಿನ ಟವರಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಅದಕ್ಕೆ ಬೇರೆಯೇ ಪ್ಯಾಕುಗಳಿವೆ. ಜಿಯೋ 2020ರಿಂದ, ಏರ್‌ಟೆಲ್ 2024ರಿಂದ ಇಂಥ ಪ್ಯಾಕುಗಳನ್ನು ಮಾರುತ್ತಿವೆ, ಕೆಲವು ನೂರು ರೂಪಾಯಿಗಳಲ್ಲಿ ದೊರೆಯುತ್ತವೆ. ಪ್ಯಾಕ್ ಇಲ್ಲದೆ ಸೇರಿಕೊಂಡ ಫೋನಿಗೆ ಒಂದೊಂದು ಎಂಬಿಗೂ ಬಿಡಿ ದರ ಬೀಳುತ್ತದೆ. ಉಪಗ್ರಹದ ದಾರಿ ದುಬಾರಿಯಾದ್ದರಿಂದ ಆ ದರ ನಮ್ಮ ಊರಿನ ದರದ ಎಷ್ಟೋ ಪಟ್ಟು ಇರುತ್ತದೆ, ಮತ್ತು ಈಗಿನ ಫೋನಿನ ಒಂದು ಫೋಟೋ ಎಂದರೆ ಮೂರು ನಾಲ್ಕು ಎಂಬಿ. ಗುಂಪಿಗೆ ಬಂದ ಒಂದು ವಿಡಿಯೋದ ಲೆಕ್ಕವನ್ನು ನೀವೇ ಹಾಕಿಕೊಳ್ಳಬಹುದು.

ವಿಮಾನದ ವೈಫೈ ಇದಕ್ಕಿಂತ ಬೇರೆ, ಇವೆರಡನ್ನೂ ಒಂದೇ ಎಂದು ತಿಳಿಯಬಾರದು. ವೈಫೈ ಬಳಸಲು ನಾವೇ ಅದನ್ನು ಆರಿಸಿ, ಅಲ್ಲಿ ತೆರೆದುಕೊಳ್ಳುವ ಪುಟದಲ್ಲಿ ದರ ನೋಡಿ ಒಪ್ಪಬೇಕು. ಕೆಲವು ವಿಮಾನಗಳಲ್ಲಿ ಅದು ಉಚಿತವೂ ಹೌದು. ಏರ್ ಇಂಡಿಯಾ 2025ರ ಜನವರಿ 1ರಿಂದ ದೇಶದೊಳಗಿನ ಕೆಲವು ವಿಮಾನಗಳಲ್ಲೂ ವೈಫೈ ಆರಂಭಿಸಿದೆ. ಏರ್‌ಪ್ಲೇನ್ ಮೋಡ್ ಹಾಕಿದ ಮೇಲೂ ವೈಫೈ, ಬ್ಲೂಟೂತ್ ಎರಡನ್ನೂ ಪ್ರತ್ಯೇಕವಾಗಿ ಆನ್ ಮಾಡಬಹುದು. ಮೋಡ್ ನಿಲ್ಲಿಸುವುದು ಸಿಮ್ಮಿನ ಸಂಪರ್ಕವನ್ನು. ಎರಡು ಸಿಮ್ ಇದ್ದರೆ ಎರಡನ್ನೂ. ಫೋಟೋ ತೆಗೆಯಲು, ಮೊದಲೇ ಇಳಿಸಿಟ್ಟ ಭಜನೆ ಕೇಳಲು, ಸಿನಿಮಾ ನೋಡಲು ಅದು ಅಡ್ಡಿ ಮಾಡುವುದಿಲ್ಲ. "ಫೋನೇ ಬಂದ್ ಆಗ್ತದ" ಎಂಬ ಹೆದರಿಕೆಯಿಂದ ಹಿರಿಯರು ಅದನ್ನು ಹಾಕಲು ಹಿಂಜರಿಯುತ್ತಾರೆ. ಮನೆಯಲ್ಲಿಯೇ ಹಾಕಿ, ಹಾಡು ಹಚ್ಚಿ ತೋರಿಸಿದರೆ ಆ ಹೆದರಿಕೆ ಹೋಗುತ್ತದೆ.

ಹಣದ ಮಾತನ್ನು ಬದಿಗಿಟ್ಟರೂ ಏರ್‌ಪ್ಲೇನ್ ಮೋಡ್ ಹಾಕುವುದು ನಿಯಮ. ಭಾರತದಲ್ಲಿ ಮೊದಲು ವಿಮಾನ ಏರುವಾಗ, ಇಳಿಯುವಾಗ ಫೋನನ್ನು ಪೂರ್ತಿ ಆರಿಸಬೇಕಿತ್ತು. 2014ರ ಏಪ್ರಿಲಿನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಈ ಮೋಡಿನಲ್ಲಿ ಇಟ್ಟ ಫೋನನ್ನು ಪ್ರಯಾಣದುದ್ದಕ್ಕೂ ಬಳಸಬಹುದೆಂದು ಸಡಿಲಿಸಿತು. ಸಡಿಲಿಕೆ ದೊರೆತಿದ್ದೇ ಈ ಷರತ್ತಿನ ಮೇಲೆ. ಒಂದು ಫೋನಿನಿಂದ ವಿಮಾನ ಬೀಳುತ್ತದೆ ಎಂದು ಯಾರೂ ಹೆದರಿಸಬೇಕಾಗಿಲ್ಲ. ಆದರೆ ಟವರ್ ಹುಡುಕುವ ಫೋನಿನ ಸಂಕೇತ ಪೈಲಟ್‌ಗಳ ಹೆಡ್‌ಸೆಟ್ಟಿನಲ್ಲಿ ಗುರುಗುಟ್ಟುವ ಸದ್ದಾಗಿ ಕೇಳಿಸಬಲ್ಲದು, ಮತ್ತು ಇಳಿಯುವ ಹೊತ್ತಿನಲ್ಲಿ ಅವರು ಭೂಮಿಯಿಂದ ಬರುವ ಸೂಚನೆಯ ಪ್ರತಿ ಅಕ್ಷರವನ್ನೂ ಕೇಳಿಸಿಕೊಳ್ಳಬೇಕಾಗಿರುತ್ತದೆ.

ಆದ್ದರಿಂದ ಮನೆಯಿಂದ ಹೊರಡುವ ಮುನ್ನ ಮಾಡಬೇಕಾದುದನ್ನು ಹೇಳುತ್ತೇನೆ. ಡೇಟಾ ರೋಮಿಂಗನ್ನು ಮುಂಚಿತವಾಗಿ ಆನ್ ಮಾಡಿ ಕಳುಹಿಸಬೇಡಿ. ಇಳಿದ ಮೇಲೆ ಅದನ್ನು ಆನ್ ಮಾಡುವುದನ್ನು ಕಲಿಸಿ, ಅಥವಾ ನಿಲ್ದಾಣದ ವೈಫೈ ಹಿಡಿದು ಕರೆ ಮಾಡುವುದನ್ನು ಕಲಿಸಿ. ಡೇಟಾ ರೋಮಿಂಗ್ ಆಫ್ ಇದ್ದರೆ ಸಾಕೇ ಎಂದು ಕೇಳಿದರೆ, ಸಾಲದು: ಡೇಟಾದ ಖರ್ಚು ನಿಲ್ಲುತ್ತದೆ, ಆದರೆ ಫೋನು ಟವರಿಗೆ ಸೇರಿಕೊಂಡೇ ಇರುತ್ತದೆ, ಮತ್ತು ರೋಮಿಂಗಿನಲ್ಲಿ ಬಂದ ಕರೆಯನ್ನು ಎತ್ತಿದರೂ ಹಣ ಹೋಗುತ್ತದೆ. "ಮುಟ್ಟಿದ್ರೇನು?" ಎಂದು ಕೇಳುವ ಪ್ರೀತಿಯ ಕರೆಗಳು ನಮ್ಮಲ್ಲಿ ಕಡಿಮೆಯೇ? ಫೋಟೋ ಬ್ಯಾಕಪ್ಪನ್ನು ವೈಫೈ ಇದ್ದಾಗ ಮಾತ್ರ ಆಗುವಂತೆ ಬದಲಿಸಿ. ವಾಟ್ಸ್ಆ್ಯಪ್‌ನ ಸೆಟ್ಟಿಂಗಿನಲ್ಲಿ ರೋಮಿಂಗ್ ಇರುವಾಗ ಏನೇನು ತಾನಾಗಿಯೇ ಇಳಿಯಬೇಕು ಎಂಬ ಆಯ್ಕೆ ಇದೆ, ಅದರಲ್ಲಿ ಎಲ್ಲವನ್ನೂ ತೆಗೆದುಹಾಕಿ. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿದರೆ ವಿಮಾನದ ಚಿತ್ರದ ಕೆಳಗೆ ಏರ್‌ಪ್ಲೇನ್ ಮೋಡ್ ಎಂದು ಕನ್ನಡ ಅಕ್ಷರಗಳಲ್ಲಿಯೇ ಕಾಣುತ್ತದೆ. ಆ ಚಿತ್ರವನ್ನು ಒತ್ತಿದ ಮೇಲೆ ಪರದೆಯ ಮೇಲ್ಭಾಗದಲ್ಲಿ ಸಿಗ್ನಲ್ಲಿನ ಗೆರೆಗಳು ಹೋಗಿ ಸಣ್ಣ ವಿಮಾನ ಬಂದಿದೆಯೇ ಎಂದು ಅವರೇ ನೋಡಿ ಹೇಳುವ ತನಕ ಅಭ್ಯಾಸ ಮಾಡಿಸಿ. ಮಗನ ನಂಬರು, ವಿಳಾಸ, ಭೇಟಿಯಾಗುವ ಬಾಗಿಲಿನ ಹೆಸರನ್ನು ಒಂದು ಚೀಟಿಯಲ್ಲಿ ಇಂಗ್ಲಿಷ್ ಮತ್ತು ಕನ್ನಡದಲ್ಲಿ ಬರೆದು ಕಿಸೆಗೆ ಇಡಿ. ಫೋನನ್ನು ನಂಬಿ ಈ ಚೀಟಿಯನ್ನು ಬಿಡುವುದು ದೊಡ್ಡ ಅಪಾಯ ಎಂದು ನಾನು ಈಗ ಎಲ್ಲರಿಗೂ ಹೇಳುತ್ತೇನೆ.

ಈಗಾಗಲೇ ಇಂಥ ಬಿಲ್ ಬಂದಿದ್ದರೆ ಹೆದರಿ ಕಟ್ಟಿ ಸುಮ್ಮನಾಗಬೇಡಿ. ಮೊದಲು ಕಂಪನಿಯ ದೂರು ಕೇಂದ್ರದಲ್ಲಿ ದೂರು ಕೊಟ್ಟು ಡಾಕೆಟ್ ನಂಬರು, ಅಂದರೆ ದೂರಿನ ಗುರುತಿನ ಸಂಖ್ಯೆ, ಪಡೆಯಬೇಕು. ಅಲ್ಲಿ ಸಿಕ್ಕ ಉತ್ತರ ಸಮಾಧಾನ ತರದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಟ್ರಾಯ್‌ನ (ದೂರಸಂಪರ್ಕ ಕಂಪನಿಗಳ ಮೇಲಿನ ನಿಯಂತ್ರಣ ಪ್ರಾಧಿಕಾರ) 2012ರ ನಿಯಮಗಳ ಪ್ರಕಾರ ಮೇಲ್ಮನವಿಯನ್ನು 39 ದಿನಗಳಲ್ಲಿ ತೀರ್ಮಾನಿಸಬೇಕು. ಕಾಕಾನ ದೂರು ಮೊದಲ ಹಂತದಲ್ಲಿ, ದರದ ಸಂದೇಶ ಕಳುಹಿಸಿದ್ದೇವೆ ಎಂಬ ಒಂದೇ ಸಾಲಿನ ಉತ್ತರದೊಂದಿಗೆ ಮುಗಿಯಿತು. ಗ್ರಾಹಕನಿಗೆ ಓದಲು ಬಾರದ ಭಾಷೆಯಲ್ಲಿ, ಆತ ನಿದ್ದೆ ಹೋಗಿರುವ ಹೊತ್ತಿನಲ್ಲಿ ಒಂದು ಸಂದೇಶ ಕಳುಹಿಸಿ, ಅದನ್ನು ಒಪ್ಪಿಗೆ ಎಂದು ಲೆಕ್ಕ ಹಿಡಿಯುವುದು ನ್ಯಾಯವಲ್ಲ ಎಂದು ನಾವು ಮೇಲ್ಮನವಿಯಲ್ಲಿ ಬರೆದೆವು. ಮೊತ್ತದ ಒಂದು ಭಾಗವನ್ನು ಕಡಿಮೆ ಮಾಡಿದರು, ಉಳಿದದ್ದನ್ನು ಕಾಕಾ ಕಟ್ಟಿದರು. ಅಲ್ಲಿಗೂ ಒಪ್ಪದವರು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ದೂರಸಂಪರ್ಕ ಕಂಪನಿಗಳ ವಿರುದ್ಧದ ದೂರುಗಳನ್ನು ಗ್ರಾಹಕರ ಆಯೋಗಗಳು ವಿಚಾರಿಸಬಹುದೆಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿದೆ. ದೂರು ಕೊಡಲು ಎರಡು ವರ್ಷಗಳ ಕಾಲಾವಕಾಶವಿದೆ, ಮಾಹಿತಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ವಿಮಾನದಲ್ಲಿ ಬಂದ ಸಂದೇಶಗಳನ್ನು ಅಳಿಸದೆ ಉಳಿಸಿಕೊಳ್ಳಿ, ಬೋರ್ಡಿಂಗ್ ಪಾಸನ್ನು ಕಾಯ್ದಿಡಿ, ಮತ್ತು ಬಿಲ್ಲಿನ ಒಟ್ಟು ಮೊತ್ತವಷ್ಟೇ ಇರುವ ಪುಟಕ್ಕೆ ತೃಪ್ತರಾಗದೆ ಎಷ್ಟು ಗಂಟೆಗೆ ಎಷ್ಟು ಡೇಟಾ ಹೋಗಿದೆ ಎಂಬ ವಿವರವಾದ ಬಿಲ್ಲನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ನಮ್ಮ ಮೇಲ್ಮನವಿಗೆ ಬಲ ಬಂದದ್ದು ಆ ವಿವರದಲ್ಲಿದ್ದ ವೇಳೆಯನ್ನೂ ವಿಮಾನ ಹೊರಟ, ಇಳಿದ ವೇಳೆಯನ್ನೂ ಅಕ್ಕಪಕ್ಕದಲ್ಲಿ ಬರೆದು ತೋರಿಸಿದ್ದರಿಂದ.